ಎಂಜಲಿನ ಪರೀಕ್ಷೆ

ಅಂಜನಾ ಇಳಕಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಗಂಡ ಹಣಮೇಶ ಊರ ಹೊರಗಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಮ್ಯಾನೇಜರ್. ಅವನು ಸೋದರಮಾವನ ಮಗನೇ. ಚಿಕ್ಕವರಿದ್ದಾಗಿನಿಂದ ಮನೆಯವರು ಮಾತಾಡಿಕೊಂಡೇ ಬಂದಿದ್ದರು, ದೊಡ್ಡವರಾದಾಗ ಬೇಡವೆನ್ನಲು ಇವರಿಗೂ ಕಾರಣ ಸಿಗಲಿಲ್ಲ. ಒಬ್ಬಳೇ ಮಗಳು ವಿದ್ಯಾ, ಆ ವರ್ಷವಷ್ಟೇ ಒಂದನೇ ಇಯತ್ತೆಗೆ ಸೇರಿದ್ದಳು.

ಆ ಮನೆಗೆ ಎಂಜಲಿನ ಪರೀಕ್ಷೆ ಬಂದದ್ದು ಒಳ್ಳೆಯ ಕಾರಣಕ್ಕೇ. ಅಂಜನಾಳ ತಂಗಿ ಸುಧಾರಾಣಿ ಬಾಗಲಕೋಟೆಯ ನವನಗರದಲ್ಲಿದ್ದಳು. ಅವಳ ಮಗನಿಗೆ ತಲಸ್ಸೇಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಕಾಯಿಲೆ ಅದು. ತಿಂಗಳು ತಿಂಗಳು ದವಾಖಾನೆಗೆ ಕರೆದೊಯ್ದು ಬೇರೆಯವರ ರಕ್ತ ಏರಿಸಬೇಕು. ಸೂಜಿ ಕಂಡರೆ ಅಳುವುದನ್ನೂ ಬಿಟ್ಟುಬಿಟ್ಟಿದ್ದ ಆ ಮಗು ಕೈ ತಾನಾಗಿಯೇ ಚಾಚುತ್ತಿತ್ತು. ತಂದೆ ತಾಯಿ ಇಬ್ಬರೂ ಆ ದೋಷವನ್ನು ತಮಗೇ ಗೊತ್ತಿಲ್ಲದಂತೆ ಹೊತ್ತಿದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದವರು ಇನ್ನೊಂದು ಮಗು ಬೇಕೆನ್ನುವ ಮೊದಲು ತಪಾಸಣೆ ಮಾಡಿಸಿಕೊಳ್ಳಿ ಎಂದು ಅಲ್ಲಿಯ ಡಾಕ್ಟರರು ಅಂಜನಾಗೂ ಹೇಳಿದ್ದರು.

ದವಾಖಾನೆಗೆ ಹೋಗಿ ರಕ್ತ ಕೊಟ್ಟರೆ ಮುಗಿಯುವ ಕೆಲಸ. ಆದರೆ ಹಣಮೇಶ, ಈಗ ಎಲ್ಲ ಮನೆಗೇ ಬರುತ್ತದೆ, ನಳಿಗೆಯಲ್ಲಿ ಉಗುಳಿ ಕಳಿಸಿದರೆ ಇದೊಂದೇ ಅಲ್ಲ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎಲ್ಲದರ ಸುಳಿವೂ ಸಿಗುತ್ತದೆ ಎಂದ. ಅಂಜನಾಗೂ ಕುತೂಹಲವಿತ್ತು. ವರ್ಷವಿಡೀ ಹುಡುಗರ ಮುಂದೆ ಬೋರ್ಡಿನ ಮೇಲೆ ಬರೆದು ತೋರಿಸುವುದನ್ನು ತನ್ನ ಮೈಯಲ್ಲೇ ನೋಡುವ ಆಸೆ. ಡಬ್ಬಿ ಬಂದ ದಿನ ಮೂವರೂ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ನಗಾಡುತ್ತ ಉಗುಳಿದರು. ವಿದ್ಯಾಳ ಉಗುಳು ಗೆರೆಯ ತನಕ ಬರಲಿಲ್ಲವೆಂದು ಹಣಮೇಶನೇ ಮೊಣಕಾಲೂರಿ, ಹತ್ತಿಯ ಕಡ್ಡಿಯಿಂದ ಅವಳ ಗಲ್ಲದ ಒಳಗೆ ನಯವಾಗಿ ಒರೆಸಿದ. ಚಿಕ್ಕವಳಿಗೆ ಈಗಲೇ ಯಾಕೆ ಎಂದು ಅಂಜನಾ ಕೇಳಿದ್ದಳು. ಆಕೆಯದೂ ಗೊತ್ತಾಗಿಬಿಡಲಿ ಎಂದಿದ್ದ ಅವನು. ಮಗಳ ಮೇಲಿನ ಕಾಳಜಿ ಎಂದುಕೊಂಡಳು.

ಫಲಿತಾಂಶ ಬಂದಾಗ ಮನೆಯ ಮೇಲಿನ ಭಾರ ಇಳಿದಂತಾಯಿತು. ಅಂಜನಾ ಆ ದೋಷವನ್ನು ಹೊತ್ತಿದ್ದಳು, ಹಣಮೇಶ ಹೊತ್ತಿರಲಿಲ್ಲ. ಹಾಗಾಗಿ ಹುಟ್ಟುವ ಮಕ್ಕಳಿಗೆ ಕಾಯಿಲೆಯ ಭಯವಿರಲಿಲ್ಲ. ಅಂಜನಾ ಗಂಡನನ್ನೂ ಕರೆದುಕೊಂಡು ಬಾಗಲಕೋಟೆಗೆ ಹೋದಾಗ ಡಾಕ್ಟರರು ಇಬ್ಬರ ರಕ್ತ ತೆಗೆದು ಮತ್ತೊಮ್ಮೆ ನೋಡಿ, ಸರಿಯಾಗಿಯೇ ಇದೆ ಎಂದರು. ಅವಳ ಮಾತು ಕೇಳಿ ದೊಡ್ಡಪ್ಪನ ಮಕ್ಕಳಿಬ್ಬರು ಮದುವೆಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಂಡರು. ವಿಜ್ಞಾನ ಮನೆಯೊಳಗೆ ಬಂದು ಹೀಗೆ ಉಪಕಾರ ಮಾಡಿದ್ದಕ್ಕೆ ಅವಳಿಗೆ ಹೆಮ್ಮೆಯಿತ್ತು. ಕ್ಲಾಸಿನಲ್ಲೂ ಹೇಳಿಕೊಂಡಳು.

ಮರುವಾರ ಹಣಮೇಶ ಬಾದಾಮಿಗೆ ಹೋಗಿ ಬರೋಣ ಎಂದ. ಅವನು ತಾನಾಗಿ ಹೀಗೆ ಕರೆದದ್ದೇ ಅಪರೂಪ. ಗುಹೆಗಳ ಮೆಟ್ಟಿಲಲ್ಲಿ ಮಂಗಗಳು ವಿದ್ಯಾಳ ಕೈಯ ಪುಟಾಣಿ ಕಡಲೆಯ ಪೊಟ್ಟಣ ಕಸಿದುಕೊಂಡವು. ಅವಳು ಅತ್ತಳು, ಆಮೇಲೆ ನಕ್ಕಳು. ಹಣಮೇಶ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡೇ ಇಳಿದ. ಮಧ್ಯಾಹ್ನ ಬನಶಂಕರಿಗೆ ಹೋಗಿ ದೇವರಿಗೆ ಕಾಯಿ ಒಡೆಸಿ, ಹೊಂಡದ ದಂಡೆಯಲ್ಲಿ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಕೊಂಡು ಊಟಕ್ಕೆ ಕುಳಿತರು. ವಿದ್ಯಾ ಮೊಸರು ತಿಂದು, ಕಣ್ಣಳತೆಯಲ್ಲಿ ಹೊಂಡದ ಮೆಟ್ಟಿಲ ಮೇಲೆ ಆಡುತ್ತಿದ್ದಳು.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ," ಎಂದ ಹಣಮೇಶ. ಮುಖದಲ್ಲಿ ಸಂತೋಷವಿತ್ತು. "ಆ ಟೆಸ್ಟಿನ್ಯಾಗ ನಾ ಇನ್ನೊಂದೂ ಮಾಡ್ಸಿದ್ದೆ. ವಿದ್ಯಾ ನನ್ನ ಮಗಳು ಹೌದೋ ಅಲ್ಲೋ ಅಂತ. ಹೌದಂತ ಬಂದೈತಿ. ಸಂಶೇನ ಇಲ್ಲ."

ಅಂಜನಾಳ ಬಾಯಲ್ಲಿ ರೊಟ್ಟಿಯಿತ್ತು. ಅದನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡಳು. ಕಡೆಗೆ ಎಲೆಯ ಮೂಲೆಗೆ ಉಗುಳಿದಳು. ಅವನು ಬೇಜಾರಾಯಿತೇನು ಎಂದು ಕೇಳಿ, ನೀರಿನ ಬಾಟಲಿ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ.

ಆಮೇಲೆ ಒಂದೊಂದಾಗಿ ಕೇಳಿದಳು, ಒಂದೊಂದಾಗಿ ಹೇಳಿದ. ಅನುಮಾನ ಮಗು ಹುಟ್ಟಿದಾಗಿನಿಂದ ಇತ್ತು. ವಿದ್ಯಾಳ ಕಣ್ಣು ತಿಳಿ ಬಣ್ಣದವು, ಬೆಕ್ಕಿನ ಕಣ್ಣಿನ ಹಾಗೆ; ಇವನ ಮನೆಯಲ್ಲಿ ಯಾರಿಗೂ ಅಂಥವಿಲ್ಲ. ಮದುವೆಯಾದ ಹೊಸತರಲ್ಲಿ ಅಂಜನಾ ಬಾಗಲಕೋಟೆಯ ಕಾಲೇಜಿನಲ್ಲಿ ಕೆಲಸಕ್ಕಿದ್ದು, ವಾರವಿಡೀ ಹಾಸ್ಟೆಲ್ಲಿನಲ್ಲಿ ಉಳಿಯುತ್ತಿದ್ದಳು. ಕಾರ್ಖಾನೆಯಲ್ಲಿ ಯಾರೋ ಒಮ್ಮೆ ನಗುತ್ತ ಒಂದು ಮಾತು ಅಂದಿದ್ದರು. ಅದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕೇಳಿದರೆ ನೀನು ನೊಂದುಕೊಳ್ಳುತ್ತೀ ಎಂದು ಕೇಳಲಿಲ್ಲ ಎಂದ. ಅಂಜನಾಳ ತಾಯಿಯ ತಾಯಿಗೆ ಅಂಥದೇ ಕಣ್ಣಿದ್ದವು ಎಂಬುದು ಅವನಿಗೂ ಗೊತ್ತಿದ್ದ ಸಂಗತಿ. ಆ ಮುದುಕಿ ಅವನಿಗೂ ಅಜ್ಜಿಯೇ. ಅದನ್ನು ಅವಳು ನೆನಪಿಸಲಿಲ್ಲ. ನೆನಪಿಸಿದರೆ ತಾನು ಸಾಕ್ಷಿ ಹೇಳಿದಂತಾಗುತ್ತದೆ ಅನ್ನಿಸಿತು.

"ಅಲ್ಲ ಅಂತ ಬಂದಿದ್ರ?" ಎಂದಳು.

"ಬಂದಿಲ್ಲಲ್ಲ."

"ಬಂದಿದ್ರ ಏನ್ ಮಾಡ್ತಿದ್ದಿ?"

ಹಣಮೇಶ ಹೊಂಡದ ನೀರಿನ ಕಡೆ ನೋಡಿದ. ಕೈ ತೊಳೆದುಕೊಂಡು, ಅದರ ಮಾತು ಈಗ ಯಾಕೆ ಎಂದ.

ಉತ್ತರ ಅವಳಿಗೆ ಸಿಕ್ಕಿತ್ತು. ಫಲಿತಾಂಶ ಬರುವ ತನಕದ ದಿನಗಳಲ್ಲಿ ಈ ಮನುಷ್ಯ ಎರಡು ಬಾಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕಾದಿದ್ದ. ಒಂದರಲ್ಲಿ ಹೆಂಡತಿ, ಮಗಳು ಇದ್ದರು. ಇನ್ನೊಂದರಲ್ಲಿ ಇಬ್ಬರನ್ನೂ ಹೊರಗೆ ಹಾಕಿ ಬಾಗಿಲು ಹಾಕಿಕೊಂಡಿದ್ದ. ಅದೇ ದಿನಗಳಲ್ಲಿ ಅವಳು ಬಡಿಸಿದ್ದನ್ನು ಉಂಡಿದ್ದ, ಅವಳ ಪಕ್ಕದಲ್ಲೇ ಮಲಗಿದ್ದ, ವಿದ್ಯಾಳ ಜಡೆ ಕಟ್ಟಿ ಸಾಲೆಗೆ ಬಿಟ್ಟು ಬಂದಿದ್ದ. ತಂಗಿಯ ಮಗನ ಕಾಯಿಲೆಯನ್ನು ಮುಂದಿಟ್ಟುಕೊಂಡು ತಮ್ಮಿಂದ ಉಗುಳಿಸಿಕೊಂಡ ಎಂಬುದು ನೆನಪಾದಾಗ ಅವಳಿಗೆ ಸಿಟ್ಟು ಬರಲಿಲ್ಲ, ಓಕರಿಕೆ ಬಂತು. ಮಗುವಿನ ಗಲ್ಲದೊಳಗೆ ಅಷ್ಟು ನಯವಾಗಿ ತಿರುಗಿದ ಆ ಕಡ್ಡಿ ಕಣ್ಣಿನಿಂದ ಹೋಗಲಿಲ್ಲ.

ವಾಪಸ್ ಬರುವಾಗ ಹಣಮೇಶ ಹಾಡು ಗುನುಗುತ್ತ ಕಾರು ಓಡಿಸಿದ. ದಾರಿಯಲ್ಲಿ ನಿಲ್ಲಿಸಿ ಫೇಡೆ ಕೊಂಡು, ಮೊದಲು ಅಂಜನಾಳ ಬಾಯಿಗೇ ಹಿಡಿದ. ಅವಳು ಮುಖ ತಿರುಗಿಸಿಕೊಂಡಳು.

ಅಂದಿನಿಂದ ಅವನು ಬದಲಾದ. ಬದಲಾದದ್ದೇ ಅವಳಿಗೆ ಎಲ್ಲಕ್ಕಿಂತ ಹೇಸಿಗೆಯಾಯಿತು. ಕಾರ್ಖಾನೆಯಿಂದ ಬಂದವನೇ ವಿದ್ಯಾಳನ್ನು ಎತ್ತಿ ತಿರುಗಿಸುತ್ತಿದ್ದ. ಅವಳ ಮೂಗು ತನ್ನಂತೆಯೇ ಇದೆ, ಬೆರಳು ತನ್ನಂತೆಯೇ ಇವೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಮಗುವಿಗೆ ಖುಷಿ. ಅಂಜನಾ ಮಾತ್ರ, ಈ ಪ್ರೀತಿ ಇಷ್ಟು ವರ್ಷ ಎಲ್ಲಿತ್ತು ಎಂದು ನೋಡುತ್ತ ನಿಲ್ಲುತ್ತಿದ್ದಳು. ಅವನು ಇಷ್ಟು ದಿನ ಮಗಳಿಂದ ಒಂದು ಪಾಲು ಪ್ರೀತಿ ತೆಗೆದಿಟ್ಟುಕೊಂಡಿದ್ದ, ಯಾವುದೋ ಊರಿನ ಕಂಪನಿ ಹೂಂ ಅಂದ ಮೇಲೆ ಕೊಡುತ್ತಿದ್ದಾನೆ. ಅವಳಿಗೊಂದು ಒಳ್ಳೆಯ ಇಳಕಲ್ ಸೀರೆ ತಂದ, ಕೆಂಪು ಸೆರಗು, ಅಗಲ ದಡಿ. ಅವಳದನ್ನು ಮಡಿಕೆ ಬಿಚ್ಚದೆ ಕಪಾಟಿನಲ್ಲಿಟ್ಟಳು. ಅವನ ಕೈ ಹೆಗಲಿಗೆ ತಾಗಿದರೆ ಮೈ ಮುದುಡಿಕೊಳ್ಳುತ್ತಿತ್ತು. ಮಗಳ ಕೋಣೆಯಲ್ಲಿ ಮಲಗತೊಡಗಿದಳು.

ಸುಧಾರಾಣಿಗೆ ಹೇಳಿಕೊಂಡಾಗ ಅವಳು, ತಪ್ಪು ಮಾಡಿದ ನಿಜ, ಆದರೆ ನೀನು ಪಾರಾದೆಯಲ್ಲ, ಇನ್ನು ಮೇಲೆ ನಿನ್ನ ಕಡೆ ಬೆರಳು ತೋರಿಸುವ ಧೈರ್ಯ ಯಾರಿಗೂ ಇರುವುದಿಲ್ಲ ಎಂದಳು. ತನಗಾಗಿದ್ದರೆ ನೆಮ್ಮದಿಯೇ ಆಗುತ್ತಿತ್ತು ಎಂದೂ ಸೇರಿಸಿದಳು. ಒಡಹುಟ್ಟಿದವಳೂ ಹೀಗಂದ ಮೇಲೆ ಅಂಜನಾ ಬೇರೆ ಯಾರಿಗೂ ಹೇಳಲಿಲ್ಲ. ಪಾರಾಗುವುದಕ್ಕೆ ತಾನು ಯಾವ ಕಟಕಟೆಯಲ್ಲಿ ನಿಂತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ನಿಲ್ಲಿಸಿದ್ದು ಅವಳಿಗೇ ಗೊತ್ತಿರಲಿಲ್ಲವಲ್ಲ.

ಹಣಮೇಶ ಮಾತ್ರ ಹೇಳಿದ. ಹೇಳಿದ್ದು ಮಹಾಂತೇಶನಿಗೆ. ಈ ಮಹಾಂತೇಶ ಕಮತಗಿಯವನು, ಕ್ವಾರಿಯಿಂದ ಕಾರ್ಖಾನೆಗೆ ಕಲ್ಲು ಸಾಗಿಸುವ ಲಾರಿ ಇಟ್ಟುಕೊಂಡಿದ್ದ. ಅಜ್ಜನ ಕಾಲದಲ್ಲಿ ಕುರಿ ಹಿಂಡು ಕಟ್ಟಿಕೊಂಡು ತಿರುಗಿದ ಮನೆತನ. ಈಗ ಹೊಲ, ಲಾರಿ, ಸ್ವಂತ ಮನೆ. ಮನೆದೇವರು ಬೀರಪ್ಪನ ಮೇಲೆ ಬಲು ಭಕ್ತಿ. ಹೆಂಡತಿ ಮರೆವ್ವ. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ, ಆಮೇಲೆ ಒಂದು ಹೆಣ್ಣುಕೂಸು ಹುಟ್ಟಿತು. ಬೀರಪ್ಪ ಕೊಟ್ಟ ಕೂಸು ಎಂದು ಮಹಾಂತೇಶ ಲಾರಿಯ ಹಿಂದೆ ಅದರ ಹೆಸರು ಬರೆಸಿಕೊಂಡಿದ್ದ. ಅವನಿಗೆ ಹೆಂಡತಿಯ ಮೇಲೆ ಅನುಮಾನವೇನೂ ಇರಲಿಲ್ಲ. ಆದರೆ ಹಣಮೇಶ ಚಹಾ ಕುಡಿಯುವಾಗಲೆಲ್ಲ, ಮಾಡಿಸಿದ ಮೇಲೆ ಮನಸ್ಸು ಎಷ್ಟು ಹಗುರಾಯಿತು ಎಂದು ಹೊಗಳಿದ್ದೇ ಹೊಗಳಿದ್ದು. ಮಾಡಿಸದೆ ಬಿಟ್ಟರೆ ತನಗೇ ಏನೋ ಹೆದರಿಕೆ ಇದೆ ಅನ್ನಿಸುವಂತಾಯಿತು ಮಹಾಂತೇಶನಿಗೆ. ಡಬ್ಬಿ ಕಾರ್ಖಾನೆಯ ವಿಳಾಸಕ್ಕೆ ಬಂತು. ತುಂಬಿಸುವುದು ಹೇಗೆಂದು ಹಣಮೇಶನೇ ತೋರಿಸಿಕೊಟ್ಟ.

ಕೂಸು ಮಹಾಂತೇಶನದಲ್ಲ ಎಂದು ಬಂತು.

ಮಹಾಂತೇಶ ಹೆಂಡತಿಯನ್ನು ಏನೂ ಕೇಳಲಿಲ್ಲ. ಬೀರಪ್ಪನ ಗುಡಿಯ ಕಟ್ಟೆಗೆ ಎಳೆದುಕೊಂಡು ಹೋಗಿ, ನಾಲ್ಕು ಜನರ ಮುಂದೆ ಹೇಳಬಾರದ್ದನ್ನೆಲ್ಲ ಹೇಳಿ, ಅವಳನ್ನೂ ಕೂಸನ್ನೂ ಉಟ್ಟ ಬಟ್ಟೆಯಲ್ಲಿ ಹೊರಹಾಕಿದ. ಅವಳು ಹುನಗುಂದದ ಬದಿಯ ತವರಿಗೆ ಹೋದಳು.

ಈ ಸುದ್ದಿಯನ್ನು ಹಣಮೇಶ ಊಟದ ಹೊತ್ತಿಗೆ ಹೇಳಿದ. "ಪಾಪ ಮಹಾಂತೇಶ, ಏನೂ ಗೊತ್ತಿಲ್ದ ಕೂಸಿನ್ನ ಹೊತ್ಕೊಂಡು ತಿರಗ್ತಿದ್ದ. ನಾ ಹೇಳಿದ್ದಕ್ಕ ಅವನ ಕಣ್ಣು ತೆರೀತು ನೋಡು," ಎಂದ. ಉಪಕಾರ ಮಾಡಿದವನ ಧಾಟಿಯಿತ್ತು ಅದರಲ್ಲಿ. ಸಾರಿನಲ್ಲಿ ಕಲಸಿದ ಅನ್ನವನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದ. ಅವನ ಬಾಯಿ, ತುಟಿಯ ಅಂಚಿಗೆ ಅಂಟಿದ ಅಗುಳು, ಅಗಿಯುವ ಸದ್ದು ಎಲ್ಲವೂ ಅಂಜನಾಗೆ ತಡೆಯಲಾರದಷ್ಟು ಅಸಹ್ಯವಾದವು. ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಎದ್ದುಹೋದಳು.

ರವಿವಾರ ಬಸ್ಸು ಹತ್ತಿ ಹುನಗುಂದಕ್ಕೆ ಹೋದಳು. ಮರೆವ್ವಳನ್ನು ಅವಳು ಎರಡು ಮೂರು ಸಲ ಕಂಡಿದ್ದಳು, ಅಷ್ಟೇ. ದನದ ಕೊಟ್ಟಿಗೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅವಳನ್ನು ಇರಿಸಿದ್ದರು. ತವರಿನವರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಕೂಸು ನೆಲದ ಮೇಲೆ ನಿದ್ದೆ ಹೋಗಿತ್ತು. ಅಂಜನಾ ಬರುವಾಗಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನು ಹೇಳಿದಳು. ಮನೆಯಲ್ಲಿ ಮಾಡುವ ಪರೀಕ್ಷೆ ತಪ್ಪುವುದುಂಟು. ಕಡ್ಡಿಗೆ ಬೇರೆಯವರ ಕೈ ತಾಗಿರಬಹುದು, ನಳಿಗೆ ಅದಲುಬದಲಾಗಿರಬಹುದು. ಕೋರ್ಟಿನಲ್ಲಿ ಇದಕ್ಕೆ ಬೆಲೆಯಿಲ್ಲ. ಬಾಗಲಕೋಟೆಯಲ್ಲಿ ಡಾಕ್ಟರರ ಕಡೆಯಿಂದ ಸರಿಯಾಗಿ ಮಾಡಿಸೋಣ.

"ಮಶಿನ್ ಸುಳ್ಳ ಹೇಳಿಲ್ರಿ ಅಕ್ಕಾರ," ಎಂದಳು ಮರೆವ್ವ. "ಮತ್ತ ಮಾಡಿಸೂದು ಬ್ಯಾಡ."

ಅಂಜನಾ ಅವಳ ಮುಖ ನೋಡಿದಳು. ಒಂದು ಗಳಿಗೆ, ಒಂದೇ ಗಳಿಗೆ, ಹಾಗಾದರೆ ಇವಳು ಅಂಥವಳೇ ಎಂದುಕೊಂಡಳು. ಕಣ್ಣು ತಾನಾಗಿಯೇ ಮರೆವ್ವಳ ಕುತ್ತಿಗೆ, ತೋಳು, ಸೆರಗಿನ ಮೇಲೆ ಓಡಿತು. ತಾನು ನೋಡುತ್ತಿರುವುದು ಹಣಮೇಶನ ಕಣ್ಣಿನಿಂದ ಎಂದು ತಿಳಿದಾಗ ತನ್ನ ಮೇಲೆಯೇ ಹೇಸಿಕೆಯಾಗಿ ತಲೆ ತಗ್ಗಿಸಿದಳು.

ಮರೆವ್ವ ಅದನ್ನು ಗಮನಿಸಿದ್ದಳು. ಈಗ ಎಲ್ಲರೂ ಹಾಗೇ ನೋಡುತ್ತಾರೆ ಎಂದಷ್ಟೇ ಅಂದು, ನಡೆದದ್ದನ್ನು ಹೇಳಿದಳು. ಮಕ್ಕಳಾಗದಿದ್ದಾಗ ಅತ್ತೆ ಸಂಗವ್ವ ಇವಳನ್ನು ದೂರದ ಊರಿನ ಖಾಸಗಿ ದವಾಖಾನೆಯೊಂದಕ್ಕೆ ಕರೆದೊಯ್ದಿದ್ದಳು. ಮಹಾಂತೇಶ ಒಂದು ಸಲ ಬಂದು, ಕೇಳಿದ್ದನ್ನು ಕೊಟ್ಟು, ಲಾರಿಯ ಬಾಡಿಗೆ ತಪ್ಪುತ್ತದೆಂದು ಅದೇ ದಿನ ಹಿಂದಿರುಗಿದ್ದ. ಅವನಲ್ಲಿ ಬೀಜವೇ ಇಲ್ಲ ಎಂದು ಡಾಕ್ಟರು ಹೇಳಿದ್ದು ಅತ್ತೆ ಸೊಸೆ ಇಬ್ಬರಿಗೆ ಮಾತ್ರ. ಹೆಸರು ಗೊತ್ತಿಲ್ಲದ ದಾನಿಯೊಬ್ಬನದನ್ನು ಹಾಕಿ ಮಾಡಬಹುದು ಎಂದರು. ಗಂಡನ ಒಪ್ಪಿಗೆಯಿಲ್ಲದೆ ಮಾಡಬಾರದ ಕೆಲಸ. ಸಂಗವ್ವ ತನ್ನ ಮಗ ಒಪ್ಪಿದ್ದಾನೆಂದು ಹೇಳಿದಳು, ಅವರೂ ಹೆಚ್ಚು ಕೇಳಲಿಲ್ಲ. ಆಮೇಲೆ ಅತ್ತೆ ಮರೆವ್ವಳ ಕೈಯಲ್ಲಿ ಬೀರಪ್ಪನ ಭಂಡಾರದ ಅರಿಶಿನ ಇರಿಸಿ, ಗಂಡನಿಗೆ ಎಂದೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡಳು.

"ಕಟ್ಟಿ ಮುಂದ ನನ್ನ ಕೂದಲ ಹಿಡದು ನಿಂತಾಗ ಅತ್ತಿ ಅಲ್ಲೇ ಇದ್ಲು," ಎಂದಳು ಮರೆವ್ವ. "ಸೆರಗು ಬಾಯಿಗೆ ಇಟ್ಕೊಂಡು ಅತ್ಲು. ಮಾತಾಡ್ಲಿಲ್ಲ. ನಾನೂ ಆಣಿ ಮುರೀಲಿಲ್ಲ."

ಅಂಜನಾ ಇಳಕಲ್ಲಿಗೆ ಬಂದು ಹಣಮೇಶನಿಗೆ ಎಲ್ಲ ಹೇಳಿದಳು. ನಾಳೆ ನನ್ನ ಜೊತೆ ಕಮತಗಿಗೆ ಬರಬೇಕು ಎಂದಳು. ತಾನು ಯಾಕೆ, ಹೆಂಗಸರ ಮಾತು ಎಂದು ನುಣುಚಿಕೊಳ್ಳಲು ನೋಡಿದ. ಡಬ್ಬಿ ತುಂಬಿಸಿ ಕೊಟ್ಟವನು ನೀನು, ಬಂದು ಕೂತು ಕೇಳಬೇಕು ಎಂದಾಗ ಒಪ್ಪಿದ.

ಸಂಗವ್ವ ಹಿತ್ತಲಲ್ಲಿ ಜೋಳ ಕೇರುತ್ತಿದ್ದಳು. ಮಹಾಂತೇಶ ಮನೆಯಲ್ಲಿರಲಿಲ್ಲ. ಮೊದಲು ಏನೂ ಗೊತ್ತಿಲ್ಲವೆಂದಳು. ಮರೆವ್ವ ಹೇಳಿದ್ದಾಳೆ ಎಂದಾಗ ಮೊರ ಕೆಳಗಿಟ್ಟು ಬಾಗಿಲು ಹಾಕಿ ಬಂದಳು.

"ಸೊಸಿ ಹೋದ್ರ ಇನ್ನೊಬ್ಬಾಕಿ ಬರ್ತಾಳವ್ವ," ಎಂದಳು ತಗ್ಗಿದ ದನಿಯಲ್ಲಿ. "ಮಗನ ಗಂಡಸ್ತನ ಹೋದ್ರ ಎಲ್ಲಿಂದ ತರ್ಲಿ?"

ಮೈಯಲ್ಲಿ ಸೂಜಿ ಚುಚ್ಚಿಸಿಕೊಂಡು, ಹೊತ್ತು, ಹೆತ್ತು, ಆಣೆ ಇಟ್ಟು ಬಾಯಿ ಮುಚ್ಚಿಕೊಂಡ ಹೆಂಗಸನ್ನು ಈ ಮುದುಕಿ ಹರಿದ ಚೀಲದ ಹಾಗೆ ಎತ್ತಿ ಎಸೆದಿದ್ದಳು. ಆದರೆ ಸಿಟ್ಟು ಮಾಡಿದರೆ ಕೆಲಸ ಕೆಡುತ್ತದೆ. ಇನ್ನೊಬ್ಬಾಕೆ ಬಂದರೂ ಮಕ್ಕಳಾಗುವುದಿಲ್ಲವಲ್ಲ, ಆಗ ಅವಳನ್ನೂ ಅದೇ ದವಾಖಾನೆಗೆ ಕರೆದೊಯ್ಯುತ್ತೀರಾ, ಅವಳೂ ಆಣೆ ಇಡುತ್ತಾಳೆಂಬ ನಂಬಿಕೆ ಇದೆಯೇ, ಅವಳು ಊರ ತುಂಬ ಹೇಳಿದರೆ ಏನು ಮಾಡುತ್ತೀರಿ ಎಂದು ಅಂಜನಾ ಕೇಳಿದಳು. ಸಂಗವ್ವಳಿಗೆ ಅದು ಹೊಳೆದಿರಲಿಲ್ಲ. ಮಗನಿಗೆ ತಾನೇ ಹೇಳುತ್ತೇನೆ ಎಂದಳು. ಅವಳನ್ನು ಮಣಿಸಿದ್ದು ಸೊಸೆಯ ಮೇಲಿನ ಕರುಣೆಯಲ್ಲ, ಈ ಲೆಕ್ಕಾಚಾರ.

ಸಂಜೆಗೆ ಮುಂಚೆ ಮಹಾಂತೇಶ ಬಂದ. ಹಣಮೇಶನನ್ನು ಕಂಡು ಹೆಗಲು ತಟ್ಟಿದ. ಸಂಗವ್ವ ಅವನನ್ನು ಕೂಡಿಸಿ, ಮುಖ ನೋಡದೆ, ಗೋಡೆಯ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಮಹಾಂತೇಶ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಈಗ ಮರೆವ್ವಳ ಹೆಸರು ತೆಗೆಯುತ್ತಾನೆ, ಕೂಸು ಎಲ್ಲಿದೆ ಎನ್ನುತ್ತಾನೆ ಎಂದು ಅಂಜನಾ ಕಾದಳು.

"ಇದು ಊರಾಗ ಯಾರ್ಯಾರಿಗೆ ಗೊತ್ತೈತಿ?" ಎಂದ ಮಹಾಂತೇಶ.

ಅಂಜನಾ ಎದ್ದು ಹಿತ್ತಲಿಗೆ ಹೋದಳು. ಬಚ್ಚಲ ಬದಿಯಲ್ಲಿ ಗೋಡೆ ಹಿಡಿದು ನಿಂತು, ಮಧ್ಯಾಹ್ನ ಉಂಡದ್ದನ್ನೆಲ್ಲ ಕಾರಿದಳು. ಹಣಮೇಶ ತಂಬಿಗೆ ತಂದು ನೀರು ಹಾಕಿದ. ಬೆನ್ನು ಮುಟ್ಟಲು ಕೈ ಎತ್ತಿ, ಹಾಗೇ ಇಳಿಸಿದ. ಇದೆಲ್ಲ ತನ್ನಿಂದಾಯಿತು ಎಂದು ಅವನು ಮೊದಲ ಸಲ ಅಂದದ್ದು ಅಲ್ಲಿ. ಅವಳು ಬಾಯಿ ಮುಕ್ಕಳಿಸಿ ಉಗುಳಿದಳು.

ಮುಂದಿನ ತಿಂಗಳು ಮಹಾಂತೇಶ ಹೆಂಡತಿಯನ್ನು ಕರೆಯಲು ಹೋದ. ಮರೆವ್ವ ಒಂದೇ ಷರತ್ತು ಇಟ್ಟಳು. ಯಾವ ಕಟ್ಟೆಯ ಮುಂದೆ ತನ್ನನ್ನು ಕೆಟ್ಟವಳೆಂದರೋ ಅದೇ ಕಟ್ಟೆಯ ಮುಂದೆ, ಅದೇ ಜನರೆದುರು, ತಪ್ಪು ತನ್ನದಲ್ಲವೆಂದು ಹೇಳಬೇಕು. ನಿಜ ಹೇಳಲು ಮಹಾಂತೇಶನಿಗೆ ಬಾಯಿ ಬರುವಂತಿರಲಿಲ್ಲ. ಅದಕ್ಕೆ ಅವನು, ಪರೀಕ್ಷೆಯೇ ಸುಳ್ಳು ಎಂದು ಹೇಳುತ್ತೇನೆ, ಆದರೆ ನನ್ನ ಮಾತು ನಂಬುವುದಿಲ್ಲ, ಸೈನ್ಸ್ ಟೀಚರ್ ಬಂದು ಹೇಳಲಿ ಎಂದ.

ಅಂಜನಾ ಮೊದಲು ಒಪ್ಪಲಿಲ್ಲ. ಆ ಪರೀಕ್ಷೆ ಸರಿಯಾಗಿಯೇ ಹೇಳಿತ್ತು; ಅದು ಸುಳ್ಳೆಂದು ತಾನು ಹೇಳುವುದೆಂದರೆ ತಾನು ಕಲಿತದ್ದಕ್ಕೂ ಕಲಿಸಿದ್ದಕ್ಕೂ ಉಗುಳಿದಂತೆ. ಇದೇ ಉಗುಳಿನಿಂದಲ್ಲವೇ ತನಗೆ ಹುಟ್ಟುವ ಮಕ್ಕಳಿಗೆ ಭಯವಿಲ್ಲವೆಂದು ಗೊತ್ತಾದದ್ದು? ಸುಧಾರಾಣಿ ಮದುವೆಗೆ ಮೊದಲು ಇಂಥದೊಂದನ್ನು ಮಾಡಿಸಿದ್ದರೆ ಆ ಮಗು ಸೂಜಿಗೆ ಕೈ ಚಾಚುತ್ತಿರಲಿಲ್ಲ. ಹಾಗಂತ ಮರೆವ್ವಳನ್ನು ಕೊಟ್ಟಿಗೆಯ ಪಕ್ಕ ಕೂಡಿಸಿದ್ದೂ ಅದೇ. ಎರಡನ್ನೂ ತೂಗಿ ನೋಡಲು ಹೋದರೆ ಅವಳ ಕೈಗೆ ತಕ್ಕಡಿಯೇ ಸಿಗುತ್ತಿರಲಿಲ್ಲ. ಕಾಯಿಲೆ ಕೇಳಿದವರಿಗೆ ಅದು ಕಾಯಿಲೆ ಹೇಳಿತು, ಹೆಂಡತಿಯ ಮೈ ತೂಗಬೇಕೆಂದವರಿಗೆ ಅದನ್ನೂ ತೂಗಿಕೊಟ್ಟಿತು, ಅಷ್ಟೇ. ಮರೆವ್ವಳೇ ಫೋನ್ ಮಾಡಿ, ಬಂದುಬಿಡ್ರಿ ಅಕ್ಕಾರ, ನನಗ ಸತ್ಯ ಬ್ಯಾಡ, ಮನಿ ಬೇಕು ಎಂದ ಮೇಲೆ ಹೋದಳು.

ಕಟ್ಟೆಯ ಮೇಲೆ ಊರ ಹಿರಿಯರು ಕುಳಿತಿದ್ದರು. ಅವರಲ್ಲಿ ದೊಡ್ಡವನು ಹುಲ್ಲಪ್ಪ. ಮೊದಲು ಹಣಮೇಶ, ಅಂಜನಾ ಹೇಳಿದ ಹಾಗೆ, ಅದನ್ನು ಮಾಡಿಸು ಎಂದು ಮಹಾಂತೇಶನನ್ನು ಹುರಿದುಂಬಿಸಿದ್ದು ತನ್ನ ತಪ್ಪು ಎಂದ. ಧ್ವನಿ ಸಣ್ಣದಾಗಿತ್ತು. ಆಮೇಲೆ ಅಂಜನಾ ನಿಂತಳು. ತಾನು ಸುಳ್ಳು ಹೇಳದೆ ಹೇಳಬಹುದಾದ ಎರಡೇ ಮಾತನ್ನು ಅವಳು ದಾರಿಯುದ್ದಕ್ಕೂ ಹುಡುಕಿಕೊಂಡು ಬಂದಿದ್ದಳು.

"ಮನ್ಯಾಗ ಮಾಡಿದ ಆ ಪರೀಕ್ಷಾಕ್ಕ ಕೋರ್ಟಿನ್ಯಾಗ ಬೆಲಿ ಇಲ್ರಿ. ಮರೆವ್ವ ಗಂಡಗ ಮೋಸ ಮಾಡಿ ಬ್ಯಾರೆಯವರ ಕಡೆ ಹೋದಾಕಿ ಅಲ್ಲ."

"ಅಂದ್ರ ಆ ಮಶಿನ್ ಸುಳ್ಳ ಅಂದಂಗಾತು," ಎಂದ ಹುಲ್ಲಪ್ಪ.

ಎಲ್ಲರೂ ಅವಳ ಕಡೆ ನೋಡಿದರು. ಮರೆವ್ವ ಕೂಸನ್ನು ಎದೆಗೊತ್ತಿಕೊಂಡು ಗುಡಿಯ ಕಂಬಕ್ಕೆ ಒರಗಿದ್ದಳು. ಅಂಜನಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತುಟಿ ಬಿಗಿದುಕೊಂಡು ನಿಂತಳು. ಹುಲ್ಲಪ್ಪನಿಗೆ ಅಷ್ಟು ಸಾಕಾಯಿತು. ಪರೀಕ್ಷೆ ಸುಳ್ಳು, ಸೊಸೆಯನ್ನು ಒಳಗೆ ಕರೆದುಕೊಳ್ಳಿ ಎಂದು ಹೇಳಿ ಎದ್ದ. ಜನ ಕಂಪನಿಯವರನ್ನು ಬಯ್ಯುತ್ತ ಚದುರಿದರು. ಸಂಗವ್ವ ಸೊಸೆಯ ಹಣೆಗೆ ಭಂಡಾರ ಹಚ್ಚಿ ಮನೆಗೆ ಕರೆದೊಯ್ದಳು. ಆ ಹಳದಿ ಕೈ ಮರೆವ್ವಳ ಹಣೆಯ ಮೇಲೆ ಓಡಾಡಿದ್ದನ್ನು ಅಂಜನಾ ನೋಡಲಾರದೆ ಹೋದಳು.

ಆ ವರ್ಷದ ಕೊನೆಗೆ ಅವಳು ನವನಗರದ ಕಾಲೇಜೊಂದರಲ್ಲಿ ಕೆಲಸ ಹಿಡಿದು ವಿದ್ಯಾಳ ಜೊತೆ ಬಾಗಲಕೋಟೆಗೆ ಹೋದಳು. ಗಂಡನಿಂದ ಸೋಡಚೀಟಿ ಪಡೆದು ಬೇರೆಯಾಗುವ ಮಾತೇನೂ ಎತ್ತಲಿಲ್ಲ. ಹಣಮೇಶ ತಡೆಯಲು ನೋಡಿದ, ಅತ್ತ, ಹಿರಿಯರನ್ನು ಕರೆತಂದ. ವಿದ್ಯಾಳನ್ನು ಸಾಲೆಗೆ ಬಿಡುತ್ತ ಜಡೆ ಕಟ್ಟುತ್ತ ನೀನು ಮನಸ್ಸಿನಲ್ಲಿ ಅವಳನ್ನು ಹೊರಹಾಕಿದ್ದರ ನೆನಪು ಹೋಗುವ ತನಕ ನನಗೆ ನಿನ್ನ ಮನೆಯಲ್ಲಿ ಅನ್ನ ಇಳಿಯುವುದಿಲ್ಲ ಎಂದಳು. ಅದು ಹೋಗುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ರವಿವಾರ ಅವನು ಬಂದು ಮಗಳನ್ನು ಹೊರಗೆ ಕರೆದೊಯ್ಯುತ್ತಾನೆ, ಸಂಜೆಗೆ ತಂದು ಬಿಡುತ್ತಾನೆ. ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಾನೆ.

ಮರೆವ್ವ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ. ಮಹಾಂತೇಶ ಈಗ ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಲಾರಿಯ ಹಿಂದಿನ ಹೆಸರನ್ನೂ ಅಳಿಸಿಲ್ಲ. ಆದರೆ ಕೂಸನ್ನು ಎತ್ತಿಕೊಂಡಾಗ ಒಮ್ಮೊಮ್ಮೆ ಅದರ ಮುಖವನ್ನೇ ದಿಟ್ಟಿಸುತ್ತ ಕುಳಿತುಬಿಡುತ್ತಾನಂತೆ. ಕೂಸು ನಗಿಸಲು ನೋಡುತ್ತದೆ, ಗಡ್ಡ ಹಿಡಿದು ಎಳೆಯುತ್ತದೆ. ಅವನು ಅದನ್ನು ಮೆಲ್ಲಗೆ ಕೆಳಗಿಳಿಸಿ ಎದ್ದುಹೋಗುತ್ತಾನೆ.